ಪುಷ್ಯ ನಕ್ಷತ್ರದ ದಿನ, ಅಡಿಕೆಯ ಹೆಸರಿನ ಊರಿನಲ್ಲಿ

ನಮ್ಮ ಕಾಸರಗೋಡಿನಲ್ಲಿ ಪರದೇಶ ಎಂದರೆ ಗಲ್ಫ್. ಹೆಂಡತಿಯನ್ನು ಕರೆದುಕೊಂಡು ವಿದೇಶಕ್ಕೆ ಹೋಗುತ್ತೇನೆ ಎಂದು ಬದಿಯಡ್ಕ ಪೇಟೆಯಲ್ಲಿ ಯಾರಿಗಾದರೂ ಹೇಳಿದರೆ ‘ದುಬೈಯಲ್ಲಿ ಯಾರಿದ್ದಾರೆ?’ ಎಂದು ಕೇಳುತ್ತಾರೆ. ಗುರುತಿನವರು ಯಾರೂ ಇಲ್ಲದ ಊರಿಗೆ, ಯಾವ ಕೆಲಸವೂ ಇಲ್ಲದೆ, ಇಬ್ಬರೇ ಹೋಗಿ ಐದು ದಿನ ಸುಮ್ಮನೆ ಇದ್ದು ಬರುವುದು ಇಲ್ಲಿಯ ಕೃಷಿಕರ ಮನೆಗಳಲ್ಲಿ ಸ್ವಲ್ಪ ನಾಚಿಕೆಯ ಸಂಗತಿ. ಮದುವೆಯಾದ ಹೊಸದರಲ್ಲಿ ಮಡಿಕೇರಿಗೆ ಹೋಗಿದ್ದೆವು. ಒಂದು ರಾತ್ರಿ ತಂಗಿ, ಮಳೆಯಲ್ಲಿ ನೆನೆದು, ಕಾಲಿಗೆ ಜಿಗಣೆ ಕಚ್ಚಿಸಿಕೊಂಡು ಬಂದಿದ್ದೆವು. ಆಮೇಲೆ ಇಪ್ಪತ್ತಾರು ವರ್ಷಗಳಲ್ಲಿ ನಾವಿಬ್ಬರೇ ಹೋದದ್ದು ಆಸ್ಪತ್ರೆಗೆ ಮತ್ತು ಮದುವೆ ಮನೆಗಳಿಗೆ.

2025ರಲ್ಲಿ ಅವಳಿಗೆ ಐವತ್ತು ತುಂಬುತ್ತಿತ್ತು. ಈ ಸಲ ಏನಾದರೂ ಮಾಡಲೇಬೇಕೆಂದು ಹಿಂದಿನ ಮಳೆಗಾಲದಲ್ಲೇ ಮೂರು ಕ್ವಿಂಟಾಲ್ ಹಳೆ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆಯನ್ನು ಮಾರದೆ ಬೇರೆಯಾಗಿ ಕಟ್ಟಿ ಇಟ್ಟೆ. ಯಾಕೆ ಎಂದು ಅವಳು ಕೇಳಿದಾಗ ಬೆಲೆ ಏರಲಿ ಎಂದೆ. ಅಡಿಕೆ ಕೃಷಿಕ ಯಾವ ಕಾಲದಲ್ಲೂ ಹೇಳಬಹುದಾದ, ಯಾರೂ ಸಂಶಯಪಡದ ಸುಳ್ಳು ಅದು.

ಊರು ಆರಿಸುವುದಕ್ಕೇ ಎರಡು ತಿಂಗಳು ಹಿಡಿಯಿತು. ಮೊದಲು ನೋಡಿದ್ದು ಪ್ಯಾರಿಸ್, ಎಲ್ಲರೂ ನೋಡುವ ಹಾಗೆ. ಷೆಂಗೆನ್ ವೀಸಾದ ಕಾಗದಗಳು, ಬ್ಯಾಂಕಿನ ಲೆಕ್ಕ, ಬೆರಳಚ್ಚಿಗೆ ಇನ್ನೊಂದು ಊರಿನ ಪ್ರಯಾಣ, ಮೇಲಿಂದ ಫೆಬ್ರವರಿಯ ಚಳಿ. ಮಂಗಳೂರಿನ ಒಂದು ಪ್ರವಾಸ ಸಂಸ್ಥೆಯವರು ಸಿಂಗಾಪುರದ ಪ್ಯಾಕೇಜ್ ತೋರಿಸಿದರು. ನಾಲ್ಕು ದಿನಕ್ಕೆ ಹನ್ನೊಂದು ಜಾಗ, ಪ್ರತಿ ಬೆಳಗ್ಗೆ ಏಳೂವರೆಗೆ ಬಸ್ಸಿನ ಬಳಿ ಹಾಜರಿ! ಅದರ ಮೇಲೆ ಆಗ ಶೇಕಡಾ 5ರ ತೆರಿಗೆ ಬೇರೆ. ಆದಾಯ ತೆರಿಗೆಯ ಲೆಕ್ಕ ಸಲ್ಲಿಸಿ ಅದನ್ನು ಹಿಂದೆ ಪಡೆಯಬಹುದು, ಆದರೆ ಮೊದಲು ಕೈಯಿಂದ ಹೋಗಬೇಕು. ಹಟ್ಟಿಯ ಕೆಲಸಕ್ಕೆ ದಿನಾ ಐದಕ್ಕೆ ಏಳುವ ಹೆಂಗಸಿಗೆ ಹುಟ್ಟುಹಬ್ಬದ ದಿನವೂ ಅಲಾರಾಂ ಇಡುವುದು ಉಡುಗೊರೆಯಾದೀತೇ? ಅವಳಿಗೆ ಮಂಡಿ ನೋವಿದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಹಳೆಯ ಮನೆಗಳನ್ನು ನೋಡುವ ಹುಚ್ಚಿದೆ. ಈ ಮೂರಕ್ಕೂ ಹೊಂದುವ ಊರು ಬೇಕಿತ್ತು.

ಒಂದು ರಾತ್ರಿ ಮೊಬೈಲಿನಲ್ಲಿ ಮಲೇಷ್ಯಾದ ನಕ್ಷೆ ನೋಡುತ್ತಿದ್ದಾಗ ‘ಪುಲಾವ್ ಪಿನಾಂಗ್’ ಎಂಬ ಹೆಸರು ಕಂಡಿತು. ಮಲಯ ಭಾಷೆಯಲ್ಲಿ ಪುಲಾವ್ ಎಂದರೆ ದ್ವೀಪ, ಪಿನಾಂಗ್ ಎಂದರೆ ಅಡಿಕೆ. ಇಂಗ್ಲಿಷರ ಬಾಯಲ್ಲಿ ಅದೇ ಪೆನಾಂಗ್. ಆ ರಾಜ್ಯದ ಬಾವುಟದ ನಡುವೆಯೂ ಒಂದು ಅಡಿಕೆ ಮರ ನಿಂತಿದೆ. ಅದನ್ನು ನೋಡಿದ ಮೇಲೆ ನಾನು ಬೇರೆ ಊರು ಹುಡುಕಲಿಲ್ಲ.

ಉಳಿದದ್ದೂ ಒಂದೊಂದಾಗಿ ಕೂಡಿಬಂತು. 2023ರ ಡಿಸೆಂಬರ್‌ನಿಂದ ಭಾರತೀಯರು ಮೂವತ್ತು ದಿನದ ಮಟ್ಟಿಗೆ ವೀಸಾ ಇಲ್ಲದೆ ಮಲೇಷ್ಯಾಕ್ಕೆ ಹೋಗಬಹುದು. ದ್ವೀಪದ ಮುಖ್ಯ ಪಟ್ಟಣ ಜಾರ್ಜ್ ಟೌನ್ 2008ರಲ್ಲಿ ಮಲಾಕಾದ ಜೊತೆ ಯುನೆಸ್ಕೋ ಪಟ್ಟಿ ಸೇರಿದ ಹಳೇ ಪೇಟೆ. ಬೇಕಾದಷ್ಟು ಹಳೆಯ ಮನೆಗಳು, ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ತಮಿಳರ ಬೀದಿಯಲ್ಲಿ ಬಾಳೆ ಎಲೆಯ ಊಟ ಸಿಗುತ್ತದೆ.

ಇನ್ನು ತಾರೀಕು. ಅವಳ ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಮೇ 20. ಜೂನ್ ಒಂದಕ್ಕೆ ಐದು ತುಂಬಿರಬೇಕೆಂದು ಅಂದಿನ ಮೇಷ್ಟ್ರು ಬರೆದುಕೊಂಡ ದಿನ ಅದು. ನಮ್ಮ ಓರಗೆಯ ಅರ್ಧ ಊರಿಗೆ ಮೇ ತಿಂಗಳಲ್ಲೇ ಜನ್ಮದಿನ. ನಿಜವಾಗಿ ಅವಳು ಹುಟ್ಟಿದ್ದು ಮಕರ ಮಾಸದ ಪುಷ್ಯದಂದು. 2025ರ ಮಕರದಲ್ಲಿ ಪುಷ್ಯ ಎರಡು ಸಲ ಬಂದಿತ್ತು, ಸಂಕ್ರಾಂತಿಯ ಬುಡದಲ್ಲಿ ಒಂದು, ಫೆಬ್ರವರಿ 11ಕ್ಕೆ ಇನ್ನೊಂದು. ಎರಡು ಬಂದರೆ ನಮ್ಮ ಮನೆಯಲ್ಲಿ ಹಿಡಿಯುವುದು ಎರಡನೆಯದನ್ನು. ಸರಿ ಎಂದು ಆ ವಾರಕ್ಕೆ ಹೋಟೆಲ್ ಹುಡುಕಿದರೆ ಎಲ್ಲ ಕಡೆ ಕೋಣೆ ತುಂಬಿದೆ, ಇದ್ದ ಕಡೆ ಬಾಡಿಗೆ ಒಂದೂವರೆ ಪಟ್ಟು. ಕಾರಣ ತಿಳಿದಾಗ ನಗು ಬಂತು. ಅಂದೇ ತೈಪೂಸಂ, ತಮಿಳರ ಮುರುಗನ ಹಬ್ಬ. ತೈ ಎಂದರೆ ನಮ್ಮ ಮಕರ, ಪೂಸಂ ಎಂದರೆ ಪುಷ್ಯ. ನನ್ನ ಹೆಂಡತಿಯ ಹುಟ್ಟುಹಬ್ಬಕ್ಕೆ ಪೆನಾಂಗ್ ರಾಜ್ಯಕ್ಕೆ ರಾಜ್ಯವೇ ಸರಕಾರಿ ರಜೆ!

ಪಾಸ್‌ಪೋರ್ಟ್ ಮಾತ್ರ ಗುಟ್ಟಾಗಿ ಮಾಡಿಸಲು ಸಾಧ್ಯವಿಲ್ಲ, ಬೆರಳಚ್ಚು ಅವಳದೇ ಬೇಕಲ್ಲ. ತಮ್ಮ ಗಲ್ಫಿನಲ್ಲಿದ್ದಾನೆ, ಯಾವಾಗಲಾದರೂ ಬೇಕಾದೀತು ಎಂದು ಅರ್ಜಿ ಹಾಕಿಸಿದೆ. ಶುಲ್ಕ 1,500 ರೂಪಾಯಿ. ಕಷ್ಟವಾದದ್ದು ಹೆಸರಿನಲ್ಲಿ. ಶಾಲೆಯ ದಾಖಲೆ ಕನ್ನಡದಲ್ಲಿ, ರೇಷನ್ ಕಾರ್ಡ್ ಮಲಯಾಳದಲ್ಲಿ. ಎರಡರಿಂದಲೂ ಇಂಗ್ಲಿಷಿಗೆ ಹೋಗುವಾಗ ಅವಳ ಹೆಸರಿಗೆ ಒಂದು ಕಡೆ ಬಾಲ ಬೆಳೆದಿದೆ, ಇನ್ನೊಂದು ಕಡೆ ತಲೆಯಲ್ಲಿ ಒಂದು ಅಕ್ಷರ ಕುಳಿತಿದೆ. ಗಡಿನಾಡಿನ ಕನ್ನಡಿಗರಿಗೆಲ್ಲ ಗೊತ್ತಿರುವ ಪಾಡು. ಆಧಾರ್ ತಿದ್ದಿಸಿ, ಅದರ ಪ್ರಕಾರ ಪಾಸ್‌ಪೋರ್ಟ್ ಮಾಡಿಸಿ, ಅದು ಕೈಗೆ ಬಂದ ಮೇಲೆ ವಿಮಾನದ ಟಿಕೆಟ್ ತೆಗೆದೆ. ಟಿಕೆಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಇರಬೇಕು, ಆದ್ದರಿಂದ ಈ ಕ್ರಮವನ್ನು ತಿರುವುಮುರುವು ಮಾಡಬಾರದು.

ವಿಮಾನ, ಹೋಟೆಲ್ ಎಲ್ಲ ಅರ್ಧ ದಿನದ ಕೆಲಸ. ಮನೆ ಬಿಟ್ಟು ಹೊರಡುವ ಏರ್ಪಾಡಿಗೆ ಮೂರು ವಾರ ಬೇಕಾಯಿತು. ಫೆಬ್ರವರಿ ಎಂದರೆ ಅಂಗಳದ ತುಂಬ ಅಡಿಕೆ. ಒಣಗಲು ಹಾಕಿದ್ದನ್ನು ದಿನಾ ಕೆದಕಿ ಮಗುಚಬೇಕು. ತೋಟಕ್ಕೆ ಸ್ಪ್ರಿಂಕ್ಲರ್ ಸರದಿ ತಪ್ಪಬಾರದು. ಹಟ್ಟಿಯಲ್ಲಿ ಎರಡು ದನ, ಅದರಲ್ಲಿ ಒಂದು ಅವಳಿಗಲ್ಲದೆ ಬೇರೆಯವರಿಗೆ ಹಾಲು ಬಿಡದು. ಅಣ್ಣನ ಮಗನನ್ನು ಒಳಕ್ಕೆ ಸೇರಿಸಿಕೊಂಡೆ. ಅವನು ಡಿಸೆಂಬರಿನಿಂದಲೇ ಶನಿವಾರ, ಭಾನುವಾರ ಬಂದು ‘ಚಿಕ್ಕಮ್ಮ, ನಾನು ಕರೆಯುತ್ತೇನೆ’ ಎಂದು ಆ ದನದ ಬುಡದಲ್ಲಿ ಕುಳಿತ. ಎರಡು ಸಲ ಒದೆ ತಿಂದ. ಮೂರನೆಯ ವಾರ ಹಿಂಡಿಗೆ ಸ್ವಲ್ಪ ಬೆಲ್ಲ ಸೇರಿಸಿ ಇಟ್ಟ, ಅದು ಒಪ್ಪಿತು. ಈ ಪ್ರವಾಸದ ಅತಿ ದೊಡ್ಡ ತಯಾರಿ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ದನ ಒಪ್ಪದಿದ್ದರೆ ಅವಳು ಪೆನಾಂಗಿನಲ್ಲಿ ಕುಳಿತು ಹಟ್ಟಿಯನ್ನೇ ನೋಡುತ್ತಿದ್ದಳು.

ಹೊರಡುವ ಹತ್ತು ದಿನ ಮೊದಲು ವಿಷಯ ಹೇಳಿದೆ, ಊರಿನ ಹೆಸರು ಮಾತ್ರ ಬಿಟ್ಟು. ಐವತ್ತು ವರ್ಷದ ಹೆಂಗಸಿಗೆ ಬಟ್ಟೆ, ಔಷಧ, ದೇವರ ದೀಪದ ವ್ಯವಸ್ಥೆಗೆ ಸಮಯ ಕೊಡದೆ ವಿಮಾನ ಹತ್ತಿಸುವುದು ಬೆರಗು ಹುಟ್ಟಿಸುವ ಕ್ರಮವಲ್ಲ, ಹಿಂಸೆ. ಮಲೇಷ್ಯಾಕ್ಕೆ ತಲುಪುವ ಮುಂಚಿನ ಮೂರು ದಿನದೊಳಗೆ ಅಲ್ಲಿನ ಡಿಜಿಟಲ್ ಆಗಮನ ಪತ್ರ ತುಂಬಬೇಕು, ಅದಕ್ಕೆ ಹಣವಿಲ್ಲ. ಹಣ ಕೇಳುವ ನಕಲಿ ತಾಣಗಳಿವೆ, ನಾನು ಒಂದರ ಬಾಗಿಲವರೆಗೆ ಹೋಗಿ ಹಿಂದೆ ಬಂದೆ.

8ರಂದು ಬೆಳಗ್ಗಿನ ಪರಶುರಾಮ್ ಎಕ್ಸ್‌ಪ್ರೆಸ್ಸಿನಲ್ಲಿ ಆಲುವಾ, ಅಲ್ಲಿಂದ ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣ, ರಾತ್ರಿ ಕ್ವಾಲಾಲಂಪುರಕ್ಕೆ ವಿಮಾನ. ನಾಲ್ಕು ಗಂಟೆಯ ಹಾರಾಟ, ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಬೇಕು. ಇನ್ನೊಂದು ಗಂಟೆಯ ವಿಮಾನದಲ್ಲಿ ಪೆನಾಂಗ್. ಊರಿನ ಅರ್ಥ ಹೇಳಿದ್ದು ಅಲ್ಲಿ ಇಳಿದ ಮೇಲೆ, ಬಾವುಟದ ಎದುರು ನಿಲ್ಲಿಸಿ. ಅವಳ ಕಣ್ಣು ತುಂಬೀತು ಎಂದು ನಾನು ಎಣಿಸಿದ್ದೆ. ಅವಳು ಕನ್ನಡಕ ಏರಿಸಿ ನೋಡಿ, ‘ಬುಡಕ್ಕೆ ಚೆನ್ನಾಗಿ ಮಣ್ಣು ಏರಿಸಿದ್ದಾರೆ. ನಮ್ಮಲ್ಲಿ ಮೇಲಿನ ತೋಟಕ್ಕೆ ಈ ವರ್ಷ ಅದೊಂದು ಬಾಕಿ’ ಎಂದಳು.

ತಂಗಿದ್ದು ಚೀನೀಯರ ಹಳೆಯ ಅಂಗಡಿ ಮನೆಯೊಂದನ್ನು ತಿದ್ದಿ ಮಾಡಿದ ಸಣ್ಣ ಹೋಟೆಲಿನಲ್ಲಿ. ಮುಂದೆ ಕಿರಿದು, ಹಿಂದಕ್ಕೆ ಉದ್ದ; ನಡುವೆ ಆಕಾಶಕ್ಕೆ ತೆರೆದ ಒಳ ಅಂಗಳ, ಮಳೆ ನೇರವಾಗಿ ಒಳಗೇ ಬೀಳುತ್ತದೆ. ನಮ್ಮ ಹಳೆಯ ಮನೆಯ ನಡು ಅಂಗಳವನ್ನು ಅಪ್ಪ ಶೀಟು ಹಾಕಿ ಮುಚ್ಚಿಸಿದ್ದರು, ಆ ದುಃಖ ಅವಳಿಗೆ ಇನ್ನೂ ಇದೆ. ಮೊದಲ ದಿನ ಅರ್ಧ ಹೊತ್ತು ಅವಳು ಕಳೆದದ್ದು ಆ ಅಂಗಳದ ಅಂಚಿನ ಬೆಂಚಿನಲ್ಲಿ. ನಾನು ಬರೆದುಕೊಂಡಿದ್ದ ಪಟ್ಟಿಯಲ್ಲಿ ಅದಕ್ಕೆ ಹತ್ತು ನಿಮಿಷವೂ ಇರಲಿಲ್ಲ.

ತಾರೀಕಿನ ಗೊಂದಲ ಇಲ್ಲಿಯೂ ಬಿಡಲಿಲ್ಲ. 11ಕ್ಕೆ ಹುಟ್ಟುಹಬ್ಬ, ಕೋಣೆಗೆ ಹೂ ಇಡಿ ಎಂದು ಮೊದಲೇ ಬರೆದಿದ್ದೆ. ಪಾಸ್‌ಪೋರ್ಟಿನಲ್ಲಿ ಮೇ ತಿಂಗಳು ಕಂಡ ಹೋಟೆಲಿನ ಹುಡುಗಿ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. ಹೆಂಡತಿಯ ಹುಟ್ಟುಹಬ್ಬವನ್ನೇ ಮರೆತ ಗಂಡ ಎಂದುಕೊಂಡಳೋ, ಅಥವಾ ಇದು ಬೇರೆ ಹೆಂಗಸು ಎಂದುಕೊಂಡಳೋ! ನಕ್ಷತ್ರದ ಲೆಕ್ಕವನ್ನು ನನ್ನ ಇಂಗ್ಲಿಷಿನಲ್ಲಿ ವಿವರಿಸಲು ಹೊರಟು ಸೋತೆ. ‘ತೈಪೂಸಂ ಬರ್ತ್‌ಡೇ’ ಎಂದು ಅವಳೇ ಮುಂದೆ ಬಂದು ಹೇಳಿದಳು. ಹುಡುಗಿಗೆ ತಕ್ಷಣ ಅರ್ಥವಾಯಿತು.

10ರಂದು ಬೆಳ್ಳಿ ರಥ. ಪೆನಾಂಗ್ ಬೀದಿಯ ಕೋವಿಲ್ ವೀಡು ಎಂಬ ದೇವರ ಮನೆಯಿಂದ ವಾಟರ್‌ಫಾಲ್ ರಸ್ತೆಯ ಚೆಟ್ಟಿಯಾರರ ದೇವಸ್ಥಾನಕ್ಕೆ ಎತ್ತುಗಳು ಎಳೆದುಕೊಂಡು ಹೋಗುತ್ತವೆ. 2017ರಿಂದ ಮುರುಗನ ವೇಲಾಯುಧಕ್ಕೆ ಬೇರೆ ಚಿನ್ನದ ರಥವೂ ಇದೆ. ದಾರಿಯುದ್ದಕ್ಕೂ ತೆಂಗಿನಕಾಯಿಯ ರಾಶಿ. ಚೀನೀ ಅಂಗಡಿಕಾರರೂ ಸಾಲಾಗಿ ನಿಂತು, ರಥ ಬರುತ್ತಲೇ ಒಂದೊಂದಾಗಿ ರಸ್ತೆಗೆ ಅಪ್ಪಳಿಸುತ್ತಾರೆ. ಕಾಲ ಕೆಳಗೆ ಎಳನೀರಿನ ಹೊಳೆ, ಅದರ ಮೇಲೆ ಬಿಳಿ ಚೂರುಗಳು. ಹಿಂದಿನಿಂದ ಯಂತ್ರ ಬಂದು ಗೋರಿಕೊಂಡು ಹೋಗುತ್ತದೆ. ಊರಿನಲ್ಲಿ ಕಾಯಿಯ ಬೆಲೆ ಏರುತ್ತಿದ್ದ ಸಮಯ. ಭಕ್ತಿ ಬರುವ ಬದಲು ಇಬ್ಬರಿಗೂ ಹೊಟ್ಟೆ ಉರಿಯಿತು. ‘ಇಷ್ಟರಲ್ಲಿ ಎಷ್ಟು ಕೊಬ್ಬರಿ ಆಗುತ್ತಿತ್ತು’ ಎಂದು ಅವಳು ನನ್ನ ಕಿವಿಯಲ್ಲಿ ಹೇಳುವುದಕ್ಕೂ ನಾನು ಅದನ್ನೇ ಎಣಿಸುವುದಕ್ಕೂ ಸರಿಹೋಯಿತು.

ಹುಟ್ಟುಹಬ್ಬದ ಸಂಜೆಗೆ ಸಮುದ್ರದ ಬದಿಯ ಒಂದು ಒಳ್ಳೆಯ ಊಟದ ಮನೆಯಲ್ಲಿ ನೂರು ರಿಂಗಿಟ್ ಮುಂಗಡ ಕೊಟ್ಟು ಮೇಜು ಕಾದಿರಿಸಿದ್ದೆ. ರಿಂಗಿಟ್ಟಿಗೆ ಆಗ ಹತ್ತೊಂಬತ್ತು-ಇಪ್ಪತ್ತು ರೂಪಾಯಿ. ಹಬ್ಬಕ್ಕೆ ರಸ್ತೆ ಮುಚ್ಚುತ್ತಾರೆಂದು ಓದಿದ್ದೆ, ಸಂಜೆಯವರೆಗೂ ಮುಚ್ಚಿರುತ್ತಾರೆಂದು ಎಣಿಸಿರಲಿಲ್ಲ. ಕಾವಡಿ ನೋಡಿ ಬರುವಾಗ ಟ್ಯಾಕ್ಸಿಯವರು ಒಬ್ಬರ ಹಿಂದೆ ಒಬ್ಬರು ಬರಲಾಗದು ಎಂದರು. ಅವಳ ಮಂಡಿ ಕೈಕೊಟ್ಟಿತು. ಭಕ್ತರಿಗೆ ನೀರು, ಮಜ್ಜಿಗೆ, ಅನ್ನ ಕೊಡುವ ತಣ್ಣೀರ್ ಪಂದಲ್ ಒಂದರಲ್ಲಿ ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಕೂರಿಸಿದರು. ಕಾಗದದ ತಟ್ಟೆಯಲ್ಲಿ ಅನ್ನ ಸಾಂಬಾರು ಬಂತು. ಬಡಿಸುತ್ತಿದ್ದ ಹೆಂಗಸಿಗೆ ಇವಳು ತನ್ನ ಹರಕು ತಮಿಳಿನಲ್ಲಿ ‘ಇವತ್ತು ನನಗೆ ಐವತ್ತು’ ಎಂದಳು. ಆಕೆ ಒಳಗೆ ಹೋಗಿ ಎರಡು ಲೋಟ ಪಾಯಸ ತಂದು, ಒಂದನ್ನು ನನ್ನ ಕೈಗೂ ಕೊಟ್ಟಳು. ಮುಂಗಡ ವಾಪಸು ಬರಲಿಲ್ಲ.

ಮರುದಿನ ಪೆನಾಂಗ್ ಬೆಟ್ಟ. 1923ರಲ್ಲಿ ಶುರುವಾದ ಹಗ್ಗದ ರೈಲು, ವಿದೇಶೀಯರಿಗೆ ಆಗ ಟಿಕೆಟ್ 30 ರಿಂಗಿಟ್. ರಜೆ ಮುಗಿದಿದ್ದರಿಂದ ಸರತಿ ಕಡಿಮೆ. ಕತ್ತಲಾಗುವ ತನಕ ಮೇಲೆ ಇದ್ದು, 13.5 ಕಿಲೋಮೀಟರಿನ ಸೇತುವೆಯ ದೀಪಗಳು ಹತ್ತಿಕೊಳ್ಳುವುದನ್ನು ನೋಡಿದೆವು. ಅಲ್ಲಿ ಅವಳು ನನ್ನ ತೋಳು ಹಿಡಿದು ನಿಂತಳು, ಚಳಿಗಿರಬೇಕು. ಅದಕ್ಕಿಂತ ನಮಗೆ ಹಿತವೆನಿಸಿದ್ದು ಎದುರು ದಡದ ಬಟರ್‌ವರ್ತ್‌ಗೆ ಹೋಗುವ ದೋಣಿ. ಸಂಜೆ ಹತ್ತಿ, ಆಚೆ ಇಳಿದು, ಏನೂ ಮಾಡದೆ ಮುಂದಿನ ದೋಣಿಯಲ್ಲೇ ವಾಪಸು ಬರುವುದು. ಮೂರು ಸಂಜೆ ಹೋದೆವು. ಗೋಡೆ ಚಿತ್ರಗಳು, ನೀರಿನ ಮೇಲಿನ ಚೀನೀ ಮನೆಗಳು, 1833ರ ಮಾರಿಯಮ್ಮನ ಗುಡಿ, ಎಲ್ಲವನ್ನೂ ನಡುನಡುವೆ ನಡೆದೇ ನೋಡಿದೆವು. ಜಾಯಿಕಾಯಿಯ ಶರಬತ್ತು ಕುಡಿದು, ನಮ್ಮ ತೋಟದಲ್ಲಿ ಪತ್ರೆ ತೆಗೆದು ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಎಸೆಯುವ ನಮ್ಮ ದಡ್ಡತನಕ್ಕೆ ಅವಳು ಅಲ್ಲೇ ನಿಂತು ಬೈದಳು.

ಎಲ್ಲ ಸೇರಿ ಖರ್ಚು ಒಂದು ಲಕ್ಷದ ಹದಿನೆಂಟು ಸಾವಿರ. 14ರಂದು ಹೊರಟಾಗ ವಿಮಾನ ನಿಲ್ದಾಣದ ತುಂಬ ಕೆಂಪು ಹೃದಯಗಳನ್ನು ತೂಗುಹಾಕಿದ್ದರು. ಆಲುವಾದಲ್ಲಿ ರೈಲಿಗೆ ಕಾಯುತ್ತಿದ್ದಾಗ ಅವಳು ಪಾಸ್‌ಪೋರ್ಟ್ ತೆರೆದು, ‘ಮೇ 20ಕ್ಕೆ ಇನ್ನೊಂದು ಇದೆಯಲ್ಲ, ಅದಕ್ಕೆ ಎಲ್ಲಿಗೆ?’ ಎಂದಳು. ಆಗ ಅಡಿಕೆಗೆ ಬೋರ್ಡೋ ಮದ್ದು ಸಿಂಪಡಿಸುವ ಗಡಿಬಿಡಿ ಇರುತ್ತದೆ ಎಂದೆ.