ಲೀಗ್ ಬಿಟ್ಟು ಸ್ವಂತ ಪಟ್ಟಿಯಲ್ಲಿ ಆಡಿದ ನಮ್ಮ ಐಸ್ ಹಾಕಿ ಸೀಸನ್

ಮಿನೆಸೋಟದ ನಮ್ಮ ಹವ್ಯಾಸಿ ಐಸ್ ಹಾಕಿ ಕ್ಲಬ್ ಕಳೆದ ಚಳಿಗಾಲದಲ್ಲಿ ಯಾವ ಲೀಗಿಗೂ ಸೇರಲಿಲ್ಲ. ಎದುರಾಳಿಗಳನ್ನು ನಾವೇ ಹುಡುಕಿದೆವು, ಐಸ್ ಅಂಕಣ ನಾವೇ ಬುಕ್ ಮಾಡಿದೆವು, ರೆಫರಿಗಳನ್ನೂ ನಾವೇ ಕರೆಸಿದೆವು. ಪಂದ್ಯಗಳನ್ನು ಹೊಂದಿಸುವ ಕೆಲಸ ನನ್ನದಾಗಿತ್ತು. ಅಮೆರಿಕ, ಕೆನಡಾದಲ್ಲಿರುವ ಕನ್ನಡದವರಲ್ಲಿ ಸ್ಕೇಟ್ ಕಟ್ಟಿಕೊಂಡವರು ಈಗ ಒಬ್ಬಿಬ್ಬರಲ್ಲ, ಅವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಲೀಗ್ ಬಿಡೋಕೆ ಮುಖ್ಯ ಕಾರಣ ಸಮಯ. ಇಲ್ಲಿ ಸಂಜೆಯ ಒಳ್ಳೆ ಹೊತ್ತೆಲ್ಲ ಮಕ್ಕಳ ತಂಡಗಳಿಗೆ, ಹೈಸ್ಕೂಲುಗಳಿಗೆ ಮೊದಲು ಹೋಗುತ್ತದೆ. ಹೋಗಲೂ ಬೇಕು. ದೊಡ್ಡವರಿಗೆ ಉಳಿಯುವುದು ರಾತ್ರಿ ಒಂಬತ್ತೂವರೆ ಮೇಲಿನ ಹೊತ್ತು. ಬುಧವಾರ ರಾತ್ರಿ ಹತ್ತೂಮುಕ್ಕಾಲಿಗೆ ಆಟ ಅಂತ ಲೀಗ್ ಪಟ್ಟಿಯಲ್ಲಿ ಬಂದರೆ ಮುಗೀತು. ನಮ್ಮಲ್ಲಿ ನರ್ಸ್‌ಗಳಿದ್ದಾರೆ, ಟ್ರಕ್ ಓಡಿಸುವವರಿದ್ದಾರೆ, ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗಬೇಕಾದವರಿದ್ದಾರೆ. ಅವರೆಲ್ಲ ಆಟದ ಕೊನೆಯ ಭಾಗವಾದ ಮೂರನೇ ಪೀರಿಯಡ್ ಹೊತ್ತಿಗೆ ಗಡಿಯಾರ ನೋಡುತ್ತಿದ್ದರು. ವಾರಾಂತ್ಯದಲ್ಲಿ ಕಡಿಮೆ ಪಂದ್ಯ ಆಡೋಣ, ಆದರೆ ಎಲ್ಲರೂ ಬರುವ ಹಾಗೆ ಆಡೋಣ ಅಂತ ತೀರ್ಮಾನ ಆಯಿತು.

ನನ್ನ ಅನುಭವದಲ್ಲಿ ಕ್ರಮ ಹೀಗಿರಬೇಕು: ಮೊದಲು ಐಸ್, ಆಮೇಲೆ ಎದುರಾಳಿ. ಎಷ್ಟೋ ಕ್ಲಬ್ಬಿನವರು ಉಲ್ಟಾ ಮಾಡುತ್ತಾರೆ. ಎದುರಾಳಿ ಹೂಂ ಅಂದ ಮೇಲೆ ರಿಂಕಿಗೆ, ಅಂದರೆ ಐಸ್ ಅಂಕಣ ಇರುವ ಕಟ್ಟಡದವರಿಗೆ, ಫೋನ್ ಮಾಡಿದರೆ ಆ ಶನಿವಾರ ಖಾಲಿ ಇರಲ್ಲ, ಖಾಲಿ ಇರುವ ಶನಿವಾರ ಅವರಿಗೆ ಆಗಲ್ಲ. ನಾನು ಬೇಸಿಗೆಯಲ್ಲೇ ರಿಂಕ್‌ಗಳಿಗೆ ಫೋನ್ ಮಾಡಿ, ಮಕ್ಕಳ ತಂಡಗಳ ಹಂಚಿಕೆ ಮುಗಿದು ಉಳಿದದ್ದು ಏನು ಅಂತ ಕೇಳಿ, ಭಾನುವಾರ ಬೆಳಗಿನ ಹೊತ್ತುಗಳನ್ನೂ ಶನಿವಾರ ಸ್ವಲ್ಪ ತಡವಾದ ಹೊತ್ತುಗಳನ್ನೂ ಹಿಡಿದಿಟ್ಟುಕೊಂಡೆ. ಬ್ಲೇನ್ ಊರಿನ ಸೂಪರ್ ರಿಂಕ್‌ನಲ್ಲಿ ಒಂದೇ ಸೂರಿನಡಿ 8 ಐಸ್ ಅಂಕಣಗಳಿವೆ, ಅಂಥಲ್ಲೂ ಸೀಸನ್ ಶುರುವಾದ ಮೇಲೆ ಕೇಳಿದರೆ ಒಳ್ಳೆ ಹೊತ್ತು ಸಿಗೋದು ಕಷ್ಟ. ಬಾಡಿಗೆ ಗಂಟೆಗೆ ಇನ್ನೂರು ಡಾಲರಿಗಿಂತ ಜಾಸ್ತಿ. ಆದರೂ ಒಂದು ಗಂಟೆ ತಗೊಳ್ಳಬೇಡಿ. ವಾರ್ಮ್‌ಅಪ್ ಕಳೆದರೆ ಉಳಿಯುವ ಹೊತ್ತಿನಲ್ಲಿ ಆಟ ನಿಂತಾಗಲೂ ಗಡಿಯಾರ ನಿಲ್ಲಿಸದೆ ಓಡಿಸಬೇಕಾಗುತ್ತದೆ. ಒಂದೂವರೆ ಗಂಟೆ ತಗೊಂಡು ನಡುವೆ ಒಮ್ಮೆ ಝಾಂಬೋನಿ (ಐಸ್ ನಯಗೊಳಿಸುವ ಗಾಡಿ) ಓಡಿಸಿಕೊಡಿ ಅಂತ ಕೇಳಿ. ಹೊಸ ಐಸ್ ಮೇಲೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಜಾರುವ ರೀತಿಯೇ ಬೇರೆ.

ಖರ್ಚಿನ ಲೆಕ್ಕ ಸುಲಭ. ಕರೆದವರು ಐಸ್ ಮತ್ತು ಇಬ್ಬರು ರೆಫರಿಗಳ ಹಣ ಕೊಡಬೇಕು, ಬಂದವರು ಪ್ರಯಾಣದ ಖರ್ಚು ನೋಡಿಕೊಳ್ಳಬೇಕು, ಮುಂದಿನ ಸಲ ನಾವು ಅವರ ಊರಿಗೆ ಹೋಗಬೇಕು. ಹೋಗೋಕೆ ಆಗದಿದ್ದರೆ ಮೊದಲೇ ಅರ್ಧ ಅರ್ಧ. ಎರಡೂ ತಂಡದವರೆಲ್ಲ ಆ ಸೀಸನ್‌ಗೆ ಯುಎಸ್‌ಎ ಹಾಕಿ ಎಂಬ ರಾಷ್ಟ್ರೀಯ ಐಸ್ ಹಾಕಿ ಸಂಸ್ಥೆಯಲ್ಲಿ ನೋಂದಾಯಿಸಿದ್ದಾರಾ ಅಂತ ಮೊದಲೇ ನೋಡಿಕೊಳ್ಳಿ. ಯಾರಿಗಾದರೂ ಪೆಟ್ಟಾದರೆ ವಿಮೆಯ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ನಿಜವಾಗಿ ಕಷ್ಟ ಕೊಟ್ಟಿದ್ದು ಆಟದ ಮಟ್ಟ. ಲೀಗಿನಲ್ಲಿ ಬಲವಾದ ತಂಡಗಳಿಂದ ಶುರುಮಾಡಿ ಎ, ಬಿ, ಸಿ, ಡಿ ಅಂತ ವಿಂಗಡಿಸಿರುತ್ತಾರೆ. ಹೊರಗೆ ಪ್ರತಿ ತಂಡವೂ ತಾನು ಸಿ ಅನ್ನುತ್ತದೆ. ಒಂದು ಊರಿನವರು ಹಾಗೇ ಹೇಳಿ, ಕಾಲೇಜಿನಲ್ಲಿ ಆಡಿದ ನಾಲ್ಕೈದು ಹುಡುಗರನ್ನು ಕರೆತಂದರು. ಎರಡನೇ ಪೀರಿಯಡ್ ಹೊತ್ತಿಗೆ ಆಟದಲ್ಲಿ ಏನೂ ಉಳಿದಿರಲಿಲ್ಲ, ಎರಡೂ ಕಡೆಯವರಿಗೂ ಬೇಜಾರು. ಆಮೇಲೆ ನಾನು ಮಟ್ಟ ಯಾವುದು ಅಂತ ಕೇಳುವುದನ್ನೇ ಬಿಟ್ಟೆ. ನಿಮ್ಮಲ್ಲಿ ಹೈಸ್ಕೂಲ್ ತಂಡಕ್ಕೆ ಆಡಿದವರು ಎಷ್ಟು, ಕಾಲೇಜಿಗೆ ಆಡಿದವರು ಎಷ್ಟು, ದೊಡ್ಡವರಾದ ಮೇಲೆ ಸ್ಕೇಟಿಂಗ್ ಕಲಿತವರು ಎಷ್ಟು ಅಂತ ಕೇಳತೊಡಗಿದೆ. ನಮ್ಮ ಲೆಕ್ಕವನ್ನೂ ಮುಚ್ಚಿಡದೆ ಹೇಳಿದೆ. ಅಲ್ಲಿಂದ ಮುಂದೆ ಪಂದ್ಯಗಳು ಒಂದೆರಡು ಗೋಲಿನ ಅಂತರಕ್ಕೆ ಬಂದವು.

ನಾನು ಸಹ ದೊಡ್ಡವನಾದ ಮೇಲೆ ಕಲಿತವನೇ. ಕೊಡಗಿನಲ್ಲಿ ಮೈದಾನದ ಹಾಕಿ ಆಡಿ ಬೆಳೆದೆ. ಅಲ್ಲಿ ಸ್ಟಿಕ್‌ನ ಚಪ್ಪಟೆ ಬದಿ ಮಾತ್ರ ಬಳಸಬೇಕು, ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ. ಇಲ್ಲಿ ಎರಡೂ ಬದಿಯಿಂದ ಹೊಡೆಯಬಹುದು, ಎಡ ಬಲ ಎರಡು ಥರದ ಸ್ಟಿಕ್ಕೂ ಸಿಗುತ್ತವೆ. ಪಾಸ್ ಎಲ್ಲಿಗೆ ಬರುತ್ತೆ ಅಂತ ಊಹಿಸುವ ಕಣ್ಣು ಮಾತ್ರ ಕೊಡಗಿನಿಂದಲೇ ಬಂದದ್ದು.

ಗೋಲಿ, ಅಂದರೆ ಗೋಲ್‌ಕೀಪರ್, ವಿಷಯ ಮರೆಯಬೇಡಿ. ಗೋಲಿ ಇಲ್ಲದೆ ಪಂದ್ಯವೇ ಇಲ್ಲ. ಪ್ಯಾಡು, ಮಾಸ್ಕ್ ಅಂತ ಅವರ ಖರ್ಚು ಬೇರೆಯವರಿಗಿಂತ ತುಂಬಾ ಹೆಚ್ಚು, ಅದಕ್ಕೇ ನಮ್ಮಲ್ಲಿ ಗೋಲಿಗಳಿಂದ ಚಂದಾ ತಗೊಳ್ಳಲ್ಲ. ಹೊರಗಿನ ಮೂರು ನಾಲ್ಕು ಗೋಲಿಗಳ ನಂಬರ್ ಯಾವಾಗಲೂ ಕೈಲಿರಲಿ. ಎದುರಾಳಿಗೆ ಗೋಲಿ ಸಿಗದಿದ್ದಾಗ ನಮ್ಮವನನ್ನೇ ಅವರಿಗೆ ಕೊಟ್ಟು, ಹೊರಗಿನವನನ್ನು ನಾವು ಕರೆಸಿಕೊಂಡಿದ್ದೂ ಇದೆ.

ದೂರದ ಪಂದ್ಯಗಳೇ ಈ ಸೀಸನ್ನಿನ ಖುಷಿ. ಡುಲೂತ್‌ಗೆ ಎರಡೂವರೆ ಗಂಟೆಯ ದಾರಿ. ಇನ್ನೂ ಉತ್ತರಕ್ಕೆ ಹೋದರೆ ಎವೆಲೆತ್, ಕಬ್ಬಿಣದ ಗಣಿಗಳ ಪುಟ್ಟ ಊರು. ದೊಡ್ಡ ಆಟಗಾರರನ್ನು ಗೌರವಿಸುವ ಅಮೆರಿಕದ ಹಾಕಿ ಹಾಲ್ ಆಫ್ ಫೇಮ್ 1973ರಿಂದ ಇರುವುದು ಅಲ್ಲಿ, ದೊಡ್ಡ ನಗರದಲ್ಲಲ್ಲ. ಇಂಥ ಊರುಗಳಲ್ಲಿ ನಮ್ಮಂಥವರ ಆಟ ನೋಡೋಕೂ ಜನ ಬಂದು ಕೂರುತ್ತಾರೆ, ಆಫ್‌ಸೈಡ್ ಕರೆದರೆ ವಾದಕ್ಕೆ ನಿಲ್ಲುತ್ತಾರೆ. ಕೆನಡಾ ಗಡಿಯ ವಾರೋಡ್‌ಗೂ ಹೋಗುವ ಆಸೆ ಇತ್ತು. 1960ರ ಒಲಿಂಪಿಕ್ ಚಿನ್ನ ಗೆದ್ದ ಬಿಲ್ ಮತ್ತು ರಾಜರ್ ಕ್ರಿಶ್ಚಿಯನ್ ಅಣ್ಣತಮ್ಮಂದಿರ ಊರು ಅದು, ಬಿಲ್‌ನ ಮಗ ಡೇವ್ 1980ರ ಚಿನ್ನದ ತಂಡದಲ್ಲಿದ್ದ. ಅಷ್ಟು ದೂರದ ಡ್ರೈವಿಗೆ ಸಾಕಷ್ಟು ಜನ ಸೇರಲಿಲ್ಲ.

ಜನವರಿಯಲ್ಲಿ ಹಿಮಬಿರುಗಾಳಿ ಎದ್ದು ಒಂದು ಪಂದ್ಯ ನಿಂತಿತು. ಕರೆದದ್ದು ಡುಲೂತ್ ಕಡೆಯ ತಂಡ, ಹೋಗಬೇಕಿದ್ದದ್ದು ನಾವು. ಐಸ್ ಹಣ ರಿಂಕ್ ವಾಪಸ್ ಕೊಡಲಿಲ್ಲ. ಕರಾರಿನ ಪ್ರಕಾರ ಆ ನಷ್ಟ ಅವರದ್ದು, ಆದರೂ ಅರ್ಧ ಹಣ ನಾವು ಕಳಿಸಿದೆವು. ಕ್ಲಬ್ಬಿನಲ್ಲಿ ಕೆಲವರು ಯಾಕೆ ಅಂತ ಕೇಳಿದರು. ಲೀಗ್ ಇದ್ದರೆ ಬರದ ತಂಡಕ್ಕೆ ದಂಡ ಇರುತ್ತೆ, ಅಂಕ ಹೋಗುತ್ತೆ. ನಮಗೆ ಇರೋದು ಕೊಟ್ಟ ಮಾತು ಒಂದೇ ಅಲ್ವಾ? ಫೆಬ್ರವರಿಯಲ್ಲಿ ನಮ್ಮ ಭಾನುವಾರದ ಪಂದ್ಯಕ್ಕೆ ಒಪ್ಪಿದ್ದ ಇನ್ನೊಂದು ತಂಡ ಹಿಂದಿನ ದಿನ ಕೈಕೊಟ್ಟಾಗ ಇದೇ ಡುಲೂತ್ ಕಡೆಯವರು ರಾತ್ರಿ ಫೋನ್‌ನಲ್ಲೇ ಜನ ಸೇರಿಸಿಕೊಂಡು ಬೆಳಿಗ್ಗೆ ಬಂದರು. ಮುಂದಿನ ಪಟ್ಟಿಯಲ್ಲಿ ಅವರ ಜೊತೆ ಎರಡು ಪಂದ್ಯ ಆಗಲೇ ಬರೆದಾಗಿದೆ, ನವೆಂಬರಿನದ್ದು ಅಲ್ಲಿ, ಜನವರಿಯದ್ದು ಇಲ್ಲಿ.