ಟಿವಿ 4ಕೆ, ಚಿತ್ರ ಮಾತ್ರ ಮಸುಕು: ಸರಿಮಾಡಿಕೊಳ್ಳುವುದು ಹೇಗೆ?

ಕಳೆದ ದೀಪಾವಳಿಗೆ ಅಪ್ಪ 55 ಇಂಚಿನ 4ಕೆ ಟಿವಿ ತಂದರು. ಹಬ್ಬಕ್ಕೆ ಊರಿಗೆ ಹೋದಾಗ ಅದರಲ್ಲಿ ರಾಜ್‌ಕುಮಾರ್ ಅವರ ಹಳೆಯ ಕಪ್ಪು-ಬಿಳುಪು ಸಿನಿಮಾ ಬರುತ್ತಿತ್ತು. ‘ಅಣ್ಣಾವ್ರ ಮುಖ ಯಾಕೋ ಊದಿಕೊಂಡ ಹಾಗಿದೆ ಕಣೋ’ ಎಂದರು ಅಮ್ಮ. ನಿಜವೇ. ಮುಖ ಅಗಲವಾಗಿತ್ತು, ಚಿತ್ರವೂ ಮಸುಕು. ಹಳೇ ಟಿವಿಯೇ ವಾಸಿ ಇತ್ತು ಅಂತ ಅಪ್ಪನಿಗೆ ಬೇಸರ. ಟಿವಿ ಕೆಟ್ಟಿರಲಿಲ್ಲ. ರಿಮೋಟಿನ ಮೆನುವಿನಲ್ಲಿರುವ ನಾಲ್ಕಾರು ಪದಗಳ ಅರ್ಥ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ನಾನು ಅವತ್ತು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚಾನೆಲ್ ನೋಡಿ

ಟಿವಿ ಚಿತ್ರ ಅಂದರೆ ಸಣ್ಣ ಸಣ್ಣ ಚುಕ್ಕಿಗಳ ರಾಶಿ. ಈ ಚುಕ್ಕಿಗಳೇ ಪಿಕ್ಸೆಲ್. ಎಸ್‌ಡಿ, ಅಂದರೆ ಹಳೇ ಸಾಧಾರಣ ಗುಣಮಟ್ಟದ ಚಾನೆಲ್‌ನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576. ಒಟ್ಟು ಸುಮಾರು 4 ಲಕ್ಷ ಚುಕ್ಕಿ. ಫುಲ್ ಎಚ್‌ಡಿ ಅಂದರೆ 1920 ಮತ್ತು 1080. 20 ಲಕ್ಷಕ್ಕೂ ಜಾಸ್ತಿ. 4ಕೆ ಪರದೆಯಲ್ಲಿ 3840 ಮತ್ತು 2160. ಹತ್ತಿರ ಹತ್ತಿರ 83 ಲಕ್ಷ.

ಈಗ ಲೆಕ್ಕ ಹಾಕಿ. 4ಕೆ ಟಿವಿಯಲ್ಲಿ ಎಸ್‌ಡಿ ಚಾನೆಲ್ ಹಾಕಿದರೆ ಬಂದ ಒಂದು ಚುಕ್ಕಿಯನ್ನು ಟಿವಿ 20 ಚುಕ್ಕಿ ಮಾಡಬೇಕು. ಉಳಿದ 19 ಅದರ ಅಂದಾಜು. ಇದಕ್ಕೆ ಅಪ್‌ಸ್ಕೇಲಿಂಗ್ ಎನ್ನುತ್ತಾರೆ. ಒಂದು ಲೋಟ ಮಜ್ಜಿಗೆಗೆ 19 ಲೋಟ ನೀರು ಬೆರೆಸಿದ ಹಾಗೆ. 21 ಇಂಚಿನ ಹಳೇ ಟಿವಿಯಲ್ಲಿ ಇದೇ ಚಾನೆಲ್ ಚೆನ್ನಾಗಿಯೇ ಕಾಣುತ್ತಿತ್ತು, ಪರದೆ ಚಿಕ್ಕದಿತ್ತಲ್ಲ!

ಹಾಗಾಗಿ ಚಾನೆಲ್ ಪಟ್ಟಿಯಲ್ಲಿ ಹುಡುಕಿ. ಎಷ್ಟೋ ಚಾನೆಲ್‌ಗಳು ಎರಡು ನಂಬರಿನಲ್ಲಿ ಇರುತ್ತವೆ. ಹೆಸರಿನ ಮುಂದೆ ಎಚ್‌ಡಿ ಅಂತ ಇರುವುದನ್ನು ಹಾಕಿ. ಅದು ಬರಬೇಕಾದರೆ ಸೆಟ್‌ಟಾಪ್ ಬಾಕ್ಸೂ ಎಚ್‌ಡಿಯದ್ದಾಗಿರಬೇಕು, ಪ್ಯಾಕಿನಲ್ಲೂ ಆ ಚಾನೆಲ್ ಇರಬೇಕು.

ಒಂದು ಎಚ್ಚರಿಕೆ. 32 ಇಂಚಿನ ಟಿವಿಗಳ ಮೇಲೆ ಕಾಣುವ ‘ಎಚ್‌ಡಿ ರೆಡಿ’ಯೂ ‘ಫುಲ್ ಎಚ್‌ಡಿ’ಯೂ ಒಂದೇ ಅಲ್ಲ. ಎಚ್‌ಡಿ ರೆಡಿಯಲ್ಲಿ ಸಾಮಾನ್ಯವಾಗಿ 1366 ಮತ್ತು 768 ಚುಕ್ಕಿ ಇರುತ್ತವೆ. ಫುಲ್ ಎಚ್‌ಡಿಯ ಅರ್ಧದಷ್ಟು.

ಆಮೇಲೆ ಟಿವಿಯ ಹಿಂದೆ ಕೈ ಹಾಕಿ

ನಮ್ಮ ಮನೆಯ ತಪ್ಪು ಸಿಕ್ಕಿದ್ದು ಇಲ್ಲೇ. ಟಿವಿ ಜೋಡಿಸಿದವರು ಹಳೇ ವೈರನ್ನೇ ಚುಚ್ಚಿ ಹೋಗಿದ್ದರು. ಕೆಂಪು, ಬಿಳಿ, ಹಳದಿ ಪಿನ್ನಿನ ಆ ವೈರ್ ಗೊತ್ತಲ್ವಾ? ಹಳದಿ ಪಿನ್ನಿನಲ್ಲಿ ಎಸ್‌ಡಿ ಚಿತ್ರ ಮಾತ್ರ ಸಾಗುತ್ತದೆ. ಎಚ್‌ಡಿ ಚಾನೆಲ್ ಹಾಕಿದರೂ ಅಲ್ಲಿ ಸೋರಿಹೋಗುತ್ತದೆ. ಬಾಕ್ಸಿನ ಹಿಂದೆ ಚಪ್ಪಟೆಯಾದ ಎಚ್‌ಡಿಎಂಐ ಕಿಂಡಿ ಖಾಲಿ ಇತ್ತು. ಎಚ್‌ಡಿಎಂಐ ವೈರ್ ಹಾಕಿದೆ. ಸೆಟ್‌ಟಾಪ್ ಬಾಕ್ಸಿಗೆ ಸಾಮಾನ್ಯ ವೈರ್ ಸಾಕು, ಚಿನ್ನದ ಲೇಪದ್ದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ವೈರ್ ಬದಲಿಸಿದ ಮೇಲೆ ಬಾಕ್ಸಿನ ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್ (ಚುಕ್ಕಿಗಳ ಲೆಕ್ಕ) ನೋಡಿ. 576 ಅಂತ ಇದ್ದರೆ 1080 ಮಾಡಿ. ಅದರ ಪಕ್ಕದಲ್ಲಿ ‘ಐ’ ಅಥವಾ ‘ಪಿ’ ಇರುತ್ತದೆ. ‘ಐ’ ಅಂದರೆ ಒಮ್ಮೆ ಬೆಸ ಗೆರೆಗಳು, ಮರುಸಲ ಸಮ ಗೆರೆಗಳು. ‘ಪಿ’ ಅಂದರೆ ಎಲ್ಲ ಗೆರೆಗಳೂ ಒಟ್ಟಿಗೆ. ಟಿವಿ ಎರಡನ್ನೂ ನಿಭಾಯಿಸುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಮುಖ ಊದಿಕೊಂಡಿದ್ದರೆ

ಹಳೇ ಟಿವಿಯ ಅಗಲ-ಎತ್ತರದ ಅನುಪಾತ 4:3. ಈಗಿನದು 16:9. ಹಳೇ ಸಿನಿಮಾವನ್ನು ಇಡೀ ಪರದೆಗೆ ಎಳೆದರೆ ಎಲ್ಲವೂ ಮೂರನೇ ಒಂದರಷ್ಟು ಹೆಚ್ಚು ಅಗಲವಾಗುತ್ತದೆ. ದುಂಡಗಿನ ಕುಂಕುಮದ ಬೊಟ್ಟು ಮೊಟ್ಟೆಯ ಆಕಾರವಾಗುತ್ತದೆ. ಪರೀಕ್ಷಿಸಲು ಅದೇ ಸುಲಭ: ಬೊಟ್ಟೋ, ಗಾಡಿಯ ಚಕ್ರವೋ ದುಂಡಗಿದೆಯಾ ನೋಡಿ.

ಮೆನುವಿನಲ್ಲಿ ‘ಆಸ್ಪೆಕ್ಟ್ ರೇಶಿಯೋ’ ಅಥವಾ ‘ಪಿಕ್ಚರ್ ಸೈಜ್’ ಹುಡುಕಿ. ಹಳೇ ಸಿನಿಮಾಕ್ಕೆ 4:3 ಇಡಿ, ಉಳಿದದ್ದಕ್ಕೆ 16:9. ಬಾಕ್ಸಿನಲ್ಲೂ ಇದೇ ಸೆಟ್ಟಿಂಗ್ ಇರುತ್ತದೆ, ಎರಡನ್ನೂ ನೋಡಿ. ‘ಝೂಮ್’ ಬೇಡ, ತಲೆ-ಕಾಲು ಕತ್ತರಿಸುತ್ತದೆ. ಎರಡೂ ಬದಿಗೆ ಕಪ್ಪು ಪಟ್ಟಿ ಬಂದಾಗ ‘ಅಷ್ಟು ಜಾಗ ವೇಸ್ಟ್ ಅಲ್ವಾ?’ ಅಂದರು ಅಪ್ಪ. ನನ್ನ ಮಟ್ಟಿಗೆ ಅಲ್ಲ. ಕ್ಯಾಮೆರಾ ಹಿಡಿದವರು ಕೂಡಿಸಿದ ಚಿತ್ರ ಅಷ್ಟೇ ಅಗಲದ್ದು. ಅಮ್ಮನಿಗೂ ಅವರ ಅಣ್ಣಾವ್ರು ವಾಪಸ್ ಸಿಕ್ಕರು.

ನ್ಯೂಸ್ ಚಾನೆಲ್‌ನ ಕೆಳಗೆ ಓಡುವ ಸಾಲು ಅರ್ಧ ಕತ್ತರಿಸಿ ಹೋಗಿದೆಯೇ? ಟಿವಿ ಅಂಚುಗಳನ್ನು ನುಂಗುತ್ತಿದೆ. ಇದು ಓವರ್‌ಸ್ಕ್ಯಾನ್. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಫಿಟ್ ಟು ಸ್ಕ್ರೀನ್’ ಆನ್ ಮಾಡಿ.

ಬಣ್ಣ, ಓಟ, ದನಿ

‘ವಿವಿಡ್’ ಮೋಡ್ ಅಂಗಡಿಯ ಝಗಮಗ ಬೆಳಕಿಗೆ ಸರಿ. ಮನೆಯಲ್ಲಿ ‘ಸಿನಿಮಾ’ ಮೋಡ್ ಇಡಿ. ಮೊದಲೆರಡು ದಿನ ಹಳದಿ ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ.

ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳಂತೆ. ಕೆಲವು ಟಿವಿಗಳು ನಡುವೆ ತಾವೇ ಚಿತ್ರ ಸೃಷ್ಟಿಸಿ ಸೇರಿಸುತ್ತವೆ. ಆಗ ದೊಡ್ಡ ಸಿನಿಮಾವೂ ಧಾರಾವಾಹಿ ಥರ ಜಾರುತ್ತದೆ. ಸೋನಿಯಲ್ಲಿ ‘ಮೋಷನ್‌ಫ್ಲೋ’, ಎಲ್‌ಜಿಯಲ್ಲಿ ‘ಟ್ರೂಮೋಷನ್’ ಅಂತ ಹೆಸರು. ಕ್ರಿಕೆಟ್‌ಗೆ ಇರಲಿ, ಸಿನಿಮಾಕ್ಕೆ ಆಫ್ ಮಾಡಿ.

ಎಚ್‌ಡಿಆರ್ ಅಂದರೆ ತೀರಾ ಕತ್ತಲು, ತೀರಾ ಬೆಳಕು ಎರಡರಲ್ಲೂ ವಿವರ ಉಳಿಸುವ ವಿಧಾನ. ಕಾರ್ಯಕ್ರಮವೂ ಎಚ್‌ಡಿಆರ್‌ನಲ್ಲಿ ಇದ್ದರೆ ಮಾತ್ರ ಉಪಯೋಗ. ಅಗ್ಗದ ಟಿವಿಗಳ ಪರದೆಗೆ ಅಷ್ಟು ಬೆಳಕು ಚೆಲ್ಲುವ ಶಕ್ತಿಯೇ ಇರುವುದಿಲ್ಲ. ಆ ಮೂರಕ್ಷರಕ್ಕಾಗಿ ಜಾಸ್ತಿ ದುಡ್ಡು ಕೊಡುವ ಮೊದಲು ಅಂಗಡಿಯಲ್ಲಿ ಓಡಿಸಿ ನೋಡಿ.

ಕೊನೆಗೆ ಸೌಂಡ್‌ಬಾರ್, ಅಂದರೆ ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್. ಟಿವಿಯ ಎಚ್‌ಡಿಎಂಐ ಕಿಂಡಿಗಳಲ್ಲಿ ಒಂದರ ಪಕ್ಕ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದಿರುತ್ತದೆ. ಈ ಕಿಂಡಿಗಳ ಪೈಕಿ ಟಿವಿಯಿಂದ ದನಿ ಹೊರಗೆ ಹೋಗುವುದು ಆ ಒಂದರಿಂದ ಮಾತ್ರ. ಸೌಂಡ್‌ಬಾರನ್ನು ಅಲ್ಲಿಗೇ ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ಸಿಇಸಿ (ಒಂದೇ ರಿಮೋಟಿನಲ್ಲಿ ಎರಡನ್ನೂ ನಡೆಸುವ ಸೌಲಭ್ಯ) ಆನ್ ಮಾಡಿ. ಆಮೇಲೆ ಟಿವಿ ರಿಮೋಟಿನಲ್ಲೇ ವಾಲ್ಯೂಮ್ ಏರಿಸಬಹುದು, ಇಳಿಸಬಹುದು.