ಒಂದೇ ಶ್ರುತಿಯಲ್ಲಿ ಒಂಬತ್ತು ಟ್ರ್ಯಾಕ್: ನನ್ನ ಹೊಸ ಆಲ್ಬಮ್ ರೂಪುಗೊಂಡ ಬಗೆ

ನನ್ನ ಹೊಸ ಆಲ್ಬಮ್‌ನ ಒಂಬತ್ತು ಟ್ರ್ಯಾಕ್‌ಗಳಿಗೂ ಆಧಾರ ಶ್ರುತಿ ಒಂದೇ: ಐದೂವರೆ ಮನೆ, ಕೀಬೋರ್ಡಿನವರ ಲೆಕ್ಕದಲ್ಲಿ ಜಿ ಶಾರ್ಪ್. ಹೌಸ್, ಟೆಕ್ನೋ ಎಂಬ ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತ ಮಾಡುವವರಲ್ಲಿ ಇದು ಅಷ್ಟಾಗಿ ರೂಢಿಯಲ್ಲಿಲ್ಲ. ಒಂದಾದ ಮೇಲೊಂದು ಟ್ರ್ಯಾಕಿನ ಶ್ರುತಿ ಬದಲಾದರೆ ಕಿವಿಗೆ ಹೊಸತನ ಸಿಗುತ್ತದೆ ಎನ್ನುವವರೇ ಹೆಚ್ಚು. ಆದರೆ ಮೂರು ಗಂಟೆಯ ಕಛೇರಿಯನ್ನು ಒಂದೇ ತಂಬೂರಿಯ ಶ್ರುತಿಯಲ್ಲಿ ಕೇಳಿ ಬೆಳೆದ ನನಗೆ, ರಾಗವೂ ಕಾಲಪ್ರಮಾಣವೂ ಬದಲಾದರೆ ಸಾಕು ಎನಿಸಿತ್ತು. ಆಲ್ಬಮ್ ಎಂದರೆ ಬಿಡಿ ಟ್ರ್ಯಾಕ್‌ಗಳ ಗಂಟಾಗಬಾರದು ಎಂದಿದ್ದರೆ ಅವನ್ನು ಹಿಡಿದಿಡುವ ಒಂದು ಸೂತ್ರ ಬೇಕಷ್ಟೆ.

ಐದೂವರೆಯನ್ನೇ ಆರಿಸಿಕೊಳ್ಳಲು ಹಾಡಿದ ಗೆಳತಿಯ ಕಂಠಕ್ಕೆ ಅದು ಹಿತವೆಂಬುದು ಒಂದು ಕಾರಣವಾದರೆ, ನಾನು ಕೆಲಸ ಮಾಡುವ ಕೋಣೆ ಇನ್ನೊಂದು ಕಾರಣ. ಬೆಂಗಳೂರಿನ ಬಾಡಿಗೆ ಮನೆಯೊಂದರ, ಹತ್ತಡಿ ಅಗಲ ಹನ್ನೆರಡಡಿ ಉದ್ದದ ಆ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ತಗ್ಗು ಸ್ವರಗಳು ಸ್ಥಿರ ಅಲೆಗಳಾಗಿ ನಿಲ್ಲುತ್ತವೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ ಉದ್ದಕ್ಕೆ ಸುಮಾರು 47 ಹರ್ಟ್ಸ್, ಅಗಲಕ್ಕೆ ಸುಮಾರು 56 ಹರ್ಟ್ಸ್ ಬರುತ್ತದೆ; ಕೂತ ಜಾಗಕ್ಕೆ ತಕ್ಕಂತೆ ಆ ಸ್ವರಗಳು ಉಬ್ಬಿಯೋ ಸೊರಗಿಯೋ ಕೇಳುತ್ತವೆ. ತಾಳ ಹಿಡಿಯುವ ತಗ್ಗುದನಿಯ ಕಿಕ್ ಡ್ರಮ್ಮನ್ನು ಜಿ ಸ್ವರದ 49ಕ್ಕೋ ಎ ಸ್ವರದ 55ಕ್ಕೋ ಶ್ರುತಿ ಮಾಡಿದರೆ ಕೇಳುತ್ತಿರುವುದು ಸ್ಪೀಕರನ್ನೋ ಗೋಡೆಯನ್ನೋ ಎಂಬುದೇ ತಿಳಿಯದು. ಜಿ ಶಾರ್ಪ್ 51.9 ಹರ್ಟ್ಸ್, ಎರಡು ಪೀಡೆಗಳ ನಡುವಿನ ಬಯಲು. ಮೂಲೆಗಳಲ್ಲಿ ಶಬ್ದ ಹೀರುವ ರಾಕ್‌ವೂಲ್ ತುಂಬಿದ ಹಲಗೆಗಳನ್ನು ನಿಲ್ಲಿಸಿದ್ದೇನೆ. ಐವತ್ತರ ಆಸುಪಾಸಿನಲ್ಲಿ ಅವುಗಳಿಂದಾಗುವ ಉಪಕಾರ ಅಷ್ಟಕ್ಕಷ್ಟೆ.

ರಾಗವನ್ನು ಯಂತ್ರದ ತಾಳಕ್ಕೆ ಕೂರಿಸುವುದೇನೂ ಹೊಸ ಸಾಹಸವಲ್ಲ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರ ಮತ್ತು ಟಿಬಿ-303 ಬೇಸ್ ಯಂತ್ರಗಳೊಂದಿಗೆ ಹಿಂದೂಸ್ತಾನಿ ರಾಗಗಳನ್ನು ಡಿಸ್ಕೋ ಲಯದಲ್ಲಿ ನುಡಿಸಿದ್ದರು. ನನ್ನನ್ನು ಕಾಡಿದ ಪ್ರಶ್ನೆ ಬೇಸ್‌ನದು, ಅಂದರೆ ತಗ್ಗು ಸ್ವರಗಳ ಸಾಲಿನದು. ಡಾನ್ಸ್ ಸಂಗೀತದಲ್ಲಿ ಬೇಸ್ ಎಷ್ಟು ಬಲವಾಗಿರುತ್ತದೆಂದರೆ ಅದು ನಿಂತ ಸ್ವರವೇ ಕೇಳುಗನ ಷಡ್ಜ, ಅಂದರೆ ಆಧಾರ ಸ್ವರ, ಆಗಿಬಿಡುತ್ತದೆ. ಮೋಹನ ರಾಗದ ಸ್ವರಗಳು ಮೇಲೆ ಹಾಗೆಯೇ ಇದ್ದು ಬೇಸ್ ರಿಷಭಕ್ಕೆ ಸರಿದು ನಿಂತರೆ ಮಧ್ಯಮಾವತಿ ಕೇಳುತ್ತದೆ, ಗಾಂಧಾರಕ್ಕೆ ಸರಿದರೆ ಹಿಂದೋಳ. ಕಛೇರಿಯಲ್ಲಿ ವಿದ್ವಾಂಸರು ಶ್ರಮಪಟ್ಟು ತೋರಿಸುವ ಗ್ರಹಭೇದ, ಅಂದರೆ ಷಡ್ಜವನ್ನು ಸರಿಸಿ ರಾಗ ಬದಲಿಸುವುದು, ಇಲ್ಲಿ ಬೇಡವೆಂದರೂ ಆಗಿಬಿಡುತ್ತದೆ. ಆದ್ದರಿಂದ ಎಂಟು ಟ್ರ್ಯಾಕ್‌ಗಳಲ್ಲಿ ಬೇಸನ್ನು ಷಡ್ಜ ಬಿಟ್ಟು ಬೇರೆಲ್ಲೂ ಹೆಚ್ಚು ಹೊತ್ತು ನಿಲ್ಲಿಸಲಿಲ್ಲ. ಐದನೆಯ ಟ್ರ್ಯಾಕಿನಲ್ಲಿ ಮಾತ್ರ, ಕಿಕ್ ಇಲ್ಲದ ಬ್ರೇಕ್‌ಡೌನ್‌ನಲ್ಲಿ, ಉದ್ದೇಶಪೂರ್ವಕವಾಗಿ ಅದನ್ನು ಗಾಂಧಾರಕ್ಕಿಳಿಸಿದೆ. ಗಾಯಕಿ ಹಾಡುತ್ತಿರುವುದು ಮೋಹನವೇ, ಕೇಳುವುದು ಹಿಂದೋಳ. ಡ್ರಾಪ್‌ಗೆ, ಅಂದರೆ ಪೂರ್ತಿ ತಾಳ ಮತ್ತೆ ಅಪ್ಪಳಿಸುವ ಘಳಿಗೆಗೆ, ಕಿಕ್ ಮರಳಿದಾಗ ಬೇಸ್ ಷಡ್ಜಕ್ಕೆ ಬರುತ್ತದೆ, ಮೋಹನ ತಾನಾಗಿ ತೆರೆದುಕೊಳ್ಳುತ್ತದೆ. ಇಡೀ ಆಲ್ಬಮ್‌ನಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಜಾಗ ಇದು.

ಲಯದ ಕಡೆ ಹೆಚ್ಚು ಲೆಕ್ಕಾಚಾರ ಬೇಡಿದ್ದು ಮಿಶ್ರಚಾಪು ತಾಳ. ನಿಮಿಷಕ್ಕೆ 124 ಬೀಟ್‌ಗಳ ನೇರ ಕಿಕ್ಕಿನ ಮೇಲೆ ಮೂರು-ಎರಡು-ಎರಡರ ಏಳು ಅಕ್ಷರಗಳನ್ನು, ಒಂದು ಬೀಟಿಗೆ ಎರಡರಂತೆ, ಓಡಿಸಿದರೆ ಎರಡೂ ಒಟ್ಟಿಗೆ ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಬರುವುದು ನಾಲ್ಕು ನಾಲ್ಕು ಬೀಟ್‌ಗಳ ಏಳು ಬಾರ್‌ಗಳಿಗೊಮ್ಮೆ, ಅಂದರೆ ಸುಮಾರು ಹದಿಮೂರೂವರೆ ಸೆಕೆಂಡಿಗೊಮ್ಮೆ. ಆದರೆ ಡಾನ್ಸ್ ಸಂಗೀತ ಎಂಟೆಂಟು ಬಾರ್‌ಗಳ ಘಟಕಗಳಲ್ಲಿ ಸಾಗುತ್ತದೆ. ಏಳೂ ಎಂಟೂ ಕೂಡುವುದು ಐವತ್ತಾರನೆಯ ಬಾರ್ ಮುಗಿದಾಗ. ಡ್ರಾಪನ್ನು ಅಲ್ಲಿಯೇ ಇಟ್ಟೆ. ಕುಣಿಯುವವರು ಇದನ್ನೆಲ್ಲ ಎಣಿಸುವುದಿಲ್ಲ, ಎಣಿಸಬೇಕಾಗಿಯೂ ಇಲ್ಲ.

ಆ ಏಳನ್ನು ನುಡಿಸಿದ್ದು ಡೊಳ್ಳು. ಒಂದು ಬದಿಗೆ ಕೋಲು, ಇನ್ನೊಂದಕ್ಕೆ ಅಂಗೈ ಬೀಳುವ ವಾದ್ಯವಾದ್ದರಿಂದ ಎರಡೂ ಮುಖಗಳಿಗೆ ಮೈಕ್ ಇಟ್ಟಿದ್ದೆ. ಕೋಲು ಬಿದ್ದ ಚರ್ಮ ಒಳಕ್ಕೆ ಹೋದಾಗ ಎದುರಿನದು ಹೊರಕ್ಕುಬ್ಬುತ್ತದೆ, ಹಾಗಾಗಿ ಎರಡು ಮೈಕ್‌ಗಳ ಸಂಕೇತವನ್ನು ಹಾಗೆಯೇ ಕೂಡಿಸಿದರೆ ಡೊಳ್ಳಿನ ಎದೆಯ ದನಿಯೇ ಅಳಿಸಿಹೋಗುತ್ತದೆ; ಒಂದರ ಪೊಲ್ಯಾರಿಟಿಯನ್ನು, ಅಂದರೆ ಅಲೆಯ ಏರಿಳಿತದ ದಿಕ್ಕನ್ನು, ತಿರುಗಿಸಿದೊಡನೆ ಅದು ಮರಳುತ್ತದೆ. ಕಿಕ್‌ಗೆ ಜಾಗ ಬಿಡಲು 100 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿದೆನೇ ಹೊರತು, ಕಂಪ್ಯೂಟರಿನ ಕಾಲದ ಗೆರೆಗಳಿಗೆ ಪೆಟ್ಟುಗಳನ್ನು ಜೋಡಿಸಲು ಹೋಗಲಿಲ್ಲ. ಕಿಕ್ಕಿಗಿಂತ ಕೂದಲೆಳೆಯಷ್ಟು ತಡವಾಗಿ ಬೀಳುವ ಆ ಪೆಟ್ಟಿನಲ್ಲೇ ಡೊಳ್ಳಿನ ತೂಕವಿದೆ.

ಬಿಡುಗಡೆಗೆ ಮುನ್ನ ದನಿಯನ್ನು ಕೊನೆಯದಾಗಿ ಹದಗೊಳಿಸುವ ಮಾಸ್ಟರಿಂಗ್‌ನಲ್ಲಿ ಒಂಬತ್ತನ್ನೂ ಸಮ ಜೋರಿಗೆ ಏರಿಸಬೇಕೆಂಬ ಒತ್ತಾಯವನ್ನು ನಾನು ಒಪ್ಪಲಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ಎಲ್ಲವನ್ನೂ ಹೊಂದಿಸುತ್ತದೆ, ಆದರೆ ಆಲ್ಬಮ್ಮನ್ನು ಕ್ರಮವಾಗಿ ಕೇಳುವಾಗ ಟ್ರ್ಯಾಕ್ ಟ್ರ್ಯಾಕ್‌ಗಳ ನಡುವಿನ ಏರಿಳಿತವನ್ನು ಹಾಗೆಯೇ ಉಳಿಸುತ್ತದೆ. ಆದ್ದರಿಂದ 118ರಿಂದ 130 ಬೀಟ್‌ಗಳವರೆಗೆ ಏರುವ ಕಾಲಪ್ರಮಾಣದ ಜೊತೆಗೆ ಜೋರನ್ನೂ ಮೆಲ್ಲಗೆ ಏರಲು ಬಿಟ್ಟೆ. ಡಿಜೆಗಳಿಗೆಂದು ಆರಂಭದಲ್ಲಿಡುವ ಬರೀ ಡ್ರಮ್ಮಿನ ಮೂವತ್ತೆರಡು ಬಾರ್‌ಗಳನ್ನು, ಅಂದರೆ ಸುಮಾರು ಒಂದು ನಿಮಿಷವನ್ನು, ಆಲ್ಬಮ್‌ನಿಂದ ತೆಗೆದುಹಾಕಿದ್ದೇನೆ. ಬೇಕಾದವರಿಗೆ ಆ ದೀರ್ಘ ಆವೃತ್ತಿಗಳನ್ನು, ಇನ್ನಷ್ಟು ಜೋರಾದ ಮಾಸ್ಟರ್‌ನೊಂದಿಗೆ, ಬೇರೆಯಾಗಿಯೇ ಬಿಡುಗಡೆ ಮಾಡುತ್ತಿದ್ದೇನೆ.